ಸ್ವಿಚ್ಚು ಇರುವ ಕಡಲು

ಸುದ್ದಿ ಬಂದ ದಿನ ಗುರುವಪ್ಪ ನಗುತ್ತಿದ್ದ. ಸಣ್ಣ ಮೊಮ್ಮಗಳು ಮಾನ್ವಿ ಅವನ ತೊಡೆಯ ಮೇಲೆ ಕುಳಿತು ಫೋನಿನಲ್ಲಿ ಘಟ್ಟದ ಮೇಲಿನ ವಾಟರ್ ಪಾರ್ಕಿನ ವಿಡಿಯೋ ತೋರಿಸುತ್ತಿದ್ದಳು. ಅದರಲ್ಲಿ ದಪ್ಪ ಹೊಟ್ಟೆಯ ಮನುಷ್ಯನೊಬ್ಬ ನೀಲಿ ಕೊಳವೆಯ ಬಾಯಿಂದ ಸೋಡಾ ಬಾಟಲಿಯ ಗೋಲಿಯ ಹಾಗೆ ಚಿಮ್ಮಿ ನೀರಿಗೆ ಬಿದ್ದು, ಎದ್ದು ನಿಂತು, ಎಲ್ಲಕ್ಕಿಂತ ಮೊದಲು ತನ್ನ ಚಡ್ಡಿ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದ. ಮಾನ್ವಿ ಅದನ್ನೇ ಮತ್ತೆ ಮತ್ತೆ ಹಾಕುತ್ತಿದ್ದಳು. ಗುರುವಪ್ಪ ಪ್ರತಿಸಲವೂ ಹೊಸದಾಗಿ ನಗುತ್ತಿದ್ದ. ಆ ಮನುಷ್ಯ ಇನ್ನೊಮ್ಮೆ ಚಿಮ್ಮಬೇಕು ಎನ್ನುವಷ್ಟರಲ್ಲಿ ಅವನು ಮಾಯವಾಗಿ ಅಲ್ಲಿ ಮಗ ಅಶೋಕನ ಹೆಸರು ಬಂತು. ನಗು ಗಂಟಲಲ್ಲಿ ಇರುವಾಗಲೇ ಗುರುವಪ್ಪ ಫೋನನ್ನು ಕಿವಿಗೆ ಹಿಡಿದ. "ಅಪ್ಪ, ಅತ್ತೆ ಹೋದ್ರು" ಎಂದು ಅಶೋಕ ಮಂಗಳೂರಿನ ಆಸ್ಪತ್ರೆಯಿಂದ ಹೇಳಿದ. ಅತ್ತೆಯೆಂದರೆ ಲೋಲಾಕ್ಷಿ, ಗುರುವಪ್ಪನ ತಂಗಿ. ಹೆಂಡತಿ ತೀರಿಕೊಂಡಂದಿನಿಂದ ಅವನ ಮನೆ ನಡೆಸಿದವಳು, ಅವನ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವಳು, ತಾನು ಮದುವೆಯಾಗದೆ ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಸುತ್ತುತ್ತ ಕುಳಿತವಳು. ಮಗನ ಮಾತು ಅರ್ಥವಾಗುವ ಮೊದಲು ನಗುವಿನ ಉಳಿದ ತುಣುಕು ಬಾಯಿಂದ ಹೊರಗೆ ಬಂದುಬಿಟ್ಟಿತ್ತು. ಅಶೋಕ ಅದನ್ನು ಅಳು ಎಂದುಕೊಂಡ. "ಸಮಾಧಾನ ಮಾಡಿಕೊಳ್ಳಿ" ಎಂದ. ಅದು ಅಳುವಲ್ಲ ಎಂದು ಗುರುವಪ್ಪ ಈವರೆಗೆ ಯಾರಿಗೂ ಹೇಳಿಲ್ಲ.

ಆಸ್ಪತ್ರೆಗೆ ಹೊರಟಾಗ ಅವಳು ಕಾರಿನ ಕಿಟಕಿಯಿಂದ ಹೇಳಿದ ಮಾತೂ ಇದೇ ಪಾರ್ಕಿನದು. "ಜ್ವರ ಬಿಟ್ಟ ಕೂಡ್ಲೇ ಬರ್ತೇನೆ. ನೀನು ಅಷ್ಟರಲ್ಲಿ ಟಿಕೆಟ್ ನೋಡಿ ಇಡಣ್ಣ, ಕಡಿಮೆಗೆ ಹೇಗೆ ಸಿಗ್ತದೆ ಅಂತ. ದಸರಾ ರಜೆಗೆ ಎಲ್ಲರೂ ಹೋಗುವ." ಅವಳಿಗೆ ಬೇಕಾಗಿದ್ದದ್ದು ಜಾರುವ ಕೊಳವೆಯಲ್ಲ, ಅಲೆಯ ಕೊಳ. ಹಿಂದೆ ಒಮ್ಮೆ ಪಣಂಬೂರಿನಲ್ಲಿ ಅಲೆ ಬಂದು ಅವಳ ಒಂದು ಕಾಲಿನ ಚಪ್ಪಲಿ ಎಳೆದುಕೊಂಡು ಹೋದ ಮೇಲೆ ಅವಳು ಕಡಲಿನ ಹತ್ತಿರ ಸುಳಿದವಳಲ್ಲ. ಫೋನಿನಲ್ಲಿ ಅಲೆಯ ಕೊಳ ನೋಡಿದಾಗ ಮಾತ್ರ ಬೀಡಿಯ ನೂಲು ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದ್ದಳು, "ಇದನ್ನು ಸ್ವಿಚ್ಚು ಹಾಕಿ ನಿಲ್ಲಿಸ್ಲಿಕ್ಕೆ ಆಗ್ತದಾ?" ಆಗ್ತದೆ ಎಂದಿದ್ದಕ್ಕೆ, "ಹಾಗಾದ್ರೆ ಇದಕ್ಕೆ ನಾನು ಇಳಿತೇನೆ. ಸ್ವಿಚ್ಚು ಇರುವ ಕಡಲನ್ನು ನಂಬಬಹುದು" ಎಂದಿದ್ದಳು.

ಈಗ ದಸರಾ ರಜೆ ಬಂದಿತ್ತು. ಹೋಗುವುದೋ ಬೇಡವೋ ಎಂದು ಮನೆಯಲ್ಲಿ ಮೂರು ನಾಲ್ಕು ಸಲ ಮಾತಾಗಿ, "ಲೋಲಜ್ಜಿ ಹೇಳಿದ್ದಲ್ಲವಾ" ಎಂದು ಮಾನ್ವಿ ಅತ್ತ ಮೇಲೆ ಹೋಗುವುದೆಂದೇ ಆಗಿತ್ತು. ಟಿಕೆಟಿನ ಹೊಣೆಯನ್ನು ಗುರುವಪ್ಪ ತಾನೇ ಹೊತ್ತುಕೊಂಡ. ಬಂಟ್ವಾಳ ಮೂಡುಬಿದಿರೆ ದಾರಿಯಲ್ಲಿ ಬಸ್ಸಿನ ಕಂಡಕ್ಟರನಾಗಿ ಆಯುಷ್ಯ ಕಳೆದವನು, ಟಿಕೆಟಿನ ವಿಷಯ ಬೇರೆಯವರು ನೋಡುವುದೆಂದರೇನು? ಆ ಶನಿವಾರ ಬೆಳಿಗ್ಗೆ ಸ್ನಾನ ಮಾಡಿ ದೀಪ ಹಚ್ಚುವಾಗ ಅವನ ಕೈ ಸ್ವಲ್ಪ ನಡುಗುತ್ತಿತ್ತು. ವಯಸ್ಸಿನ ನಡುಕವಲ್ಲ. ಹೊಸ ಬಸ್ಸಿನ ಮೊದಲ ಟ್ರಿಪ್ಪಿನ ದಿನ ಮಾಲೆ ಹಾಕಿದ ಎಂಜಿನ್ನಿನ ಮುಂದೆ ಕರ್ಪೂರ ಹಚ್ಚುವಾಗ ಬರುತ್ತಿದ್ದ ನಡುಕ ಅದು. ಎದೆಯೊಳಗೆ ಯಾರೋ ಸೀಟಿ ಊದಿದ ಹಾಗೆ. ದೇವರ ಪಟದ ಪಕ್ಕದಲ್ಲೇ ಈಚೆಗೆ ಗೋಡೆ ಏರಿದ ತಂಗಿಯ ಪಟವಿತ್ತು. ಪಟದಲ್ಲಿ ಅವಳು ಗಂಭೀರವಾಗಿದ್ದಳು. ರೇಷನ್ ಕಾರ್ಡಿಗಾಗಿ ತೆಗೆದ ಫೋಟೋ. ಆ ಮುಖದ ಎದುರು ನಿಂತು ಇಷ್ಟು ಸಂತೋಷಪಡುವ ತನ್ನ ಮನಸ್ಸು ಎಂಥದು ಎಂದು ಅವನಿಗೆ ಹೆದರಿಕೆಯಾಯಿತು. ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿ, ಸಪ್ಪೆ ಮುಖ ಮಾಡಿಕೊಂಡು ಹೊರಟ. ನೇತ್ರಾವತಿಯ ಸೇತುವೆ ದಾಟುವಾಗ ಮುಖ ತಾನಾಗಿಯೇ ಮತ್ತೆ ಅರಳಿತು.

ಬಿ.ಸಿ. ರೋಡಿನ ಬಸ್ ಸ್ಟ್ಯಾಂಡಿನಲ್ಲಿ ತುಕ್ರಪ್ಪ ಸಿಕ್ಕಿದ. ಗುರುವಪ್ಪ ಕಂಡಕ್ಟರನಾಗಿದ್ದ ಬಸ್ಸನ್ನು ಓಡಿಸಿದವನು. ಈಗ ಕಣ್ಣು ಮಂಜಾಗಿ, ದಿನವೂ ಸ್ಟ್ಯಾಂಡಿಗೆ ಬಂದು ಸುಮ್ಮನೆ ಕುಳಿತು ಬಸ್ಸುಗಳನ್ನು ಶಬ್ದದಲ್ಲೇ ಗುರುತಿಸುತ್ತಿದ್ದ.

"ಎಂತ ಗುರುವಪ್ಪ, ಬೆಳಿಗ್ಗೆ ಬೆಳಿಗ್ಗೆ ಡ್ಯೂಟಿಗಾ?"

"ಬೆಳ್ತಂಗಡಿಗೆ. ಮಗಳ ಮಕ್ಕಳ ಎತ್ತರ ನೋಡ್ಲಿಕ್ಕೆ ಉಂಟು."

"ಎತ್ತರ ಎಂತಕ್ಕೆ ಮಾರಾಯ? ಮದುವೆ ಮಾಡಿಸ್ತೀಯಾ?"

ಗುರುವಪ್ಪ ಹೇಳಬಾರದಿತ್ತು. ಆದರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಪಾರ್ಕಿನಲ್ಲಿ ಮಕ್ಕಳ ಟಿಕೆಟು ವಯಸ್ಸಿನ ಲೆಕ್ಕದ್ದಲ್ಲ, ಎತ್ತರದ ಲೆಕ್ಕದ್ದು. ನಾಲ್ಕೂವರೆ ಅಡಿಯ ಒಳಗಿದ್ದರೆ ಕಡಿಮೆ. ಕಾಲೇಜಿನ ಮಕ್ಕಳಿಗೆ ಐಡಿ ಕಾರ್ಡು ತೋರಿಸಿದರೆ ಕಡಿಮೆ, ಮುದುಕರಿಗೆ ಆಧಾರ್ ತೋರಿಸಿದರೆ ಕಡಿಮೆ, ವಾರದ ನಡುವೆ ಹೋದರೆ ಇನ್ನೂ ಕಡಿಮೆ. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ತುಕ್ರಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ.

"ಲೋಲಾಕ್ಷಿ ಹೋಗಿ ವರ್ಷ ಆಗ್ಲಿಲ್ಲ. ದೇವಸ್ಥಾನದ ಮೆಟ್ಟಿಲು ಹತ್ತುವ ಹಾಗಿಲ್ಲ. ಜಾರುಬಂಡೆ ಹತ್ತಬಹುದಾ ನೀನು?"

"ಅದನ್ನು ಹತ್ತುವುದಲ್ಲ, ಅದರಲ್ಲಿ ಜಾರುವುದು."

ಸುತ್ತ ನಿಂತಿದ್ದವರು ನಕ್ಕರು. ತುಕ್ರಪ್ಪನೂ ನಕ್ಕ. ಬಸ್ಸು ಬಂತು, ಗುರುವಪ್ಪ ಹತ್ತಿ ಕಿಟಕಿಯ ಬದಿ ಕುಳಿತ. ಎಲ್ಲರನ್ನೂ ನಗಿಸಿದ ತನ್ನ ಮಾತು ಅವನಿಗೆ ನುಂಗಲಾರದ ತುತ್ತಾಗಿ ಬಾಯಲ್ಲೇ ಉಳಿಯಿತು. ತಂಗಿಯ ಹೆಸರು ಬಂದಾಗ ತಮಾಷೆ ಮಾಡಿದೆನಲ್ಲ. ಆ ಹೆಸರಿಗೂ ತನ್ನ ನಗುವಿಗೂ ಅದೇನು ಗಂಟು ಬಿದ್ದಿದೆಯೋ. ವಗ್ಗದ ಹತ್ತಿರ ಬಸ್ಸು ತಿರುಗುವಾಗ ಅಲ್ಲಿಂದ ಒಳಗಿರುವ ಕಾರಿಂಜದ ಬೆಟ್ಟದ ಕಡೆಗೆ ಕೈ ಮುಗಿದ. ವರ್ಷ ತುಂಬುವವರೆಗೆ ದೇವರ ಬಳಿಗೆ ಹೋಗುವಂತಿಲ್ಲ, ಆದರೆ ದಾರಿಯಲ್ಲಿ ನಮಸ್ಕಾರ ಹೇಳಬಾರದೆಂದು ಯಾರೂ ಹೇಳಿಲ್ಲ. ದೇವರೇ, ನನಗೆ ಖುಷಿಯಾಗುತ್ತಿದೆ, ನಾನೇನು ಮಾಡಲಿ ಎಂದು ಕೇಳಿದ. ಬಸ್ಸಿನ ಕಂಡಕ್ಟರ್ ಹುಡುಗ ಬಾಗಿಲಿನ ಕಂಬಿ ಬಡಿದು "ರೈಟ್, ಪೋಯಿ!" ಎಂದು ತುಳುವಿನಲ್ಲಿ ಹೊರಡುವ ಕೂಗು ಹಾಕಿದ. ಆ ಕೂಗಿಗೆ ಗುರುವಪ್ಪನ ನಾಲಿಗೆಯೂ ಒಳಗೇ ಹೊರಳಿತು.

ಬೆಳ್ತಂಗಡಿಯಲ್ಲಿ ಮಗಳು ಹರಿಣಾಕ್ಷಿಯ ಮಕ್ಕಳು ಗೋಡೆಗೆ ಬೆನ್ನು ಕೊಟ್ಟು ಸಿಪಾಯಿಗಳ ಹಾಗೆ ನಿಂತರು. ಗುರುವಪ್ಪ ಟೇಪು ತಂದಿರಲಿಲ್ಲ. ಅವನ ಬಳಿ ಅದಕ್ಕಿಂತ ನಂಬಿಕೆಯ ಅಳತೆಯಿತ್ತು. ಕೆಲಸದಲ್ಲಿದ್ದ ಅಷ್ಟು ವರ್ಷವೂ ಮಕ್ಕಳ ವಯಸ್ಸಿನ ಬಗ್ಗೆ ತಾಯಂದಿರೊಡನೆ ಜಗಳಕ್ಕೆ ನಿಲ್ಲದೆ ಅವನು ಮಗುವನ್ನು ಹತ್ತಿರ ಕರೆದು ತನ್ನ ಎದೆಗೆ ನಿಲ್ಲಿಸಿಕೊಳ್ಳುತ್ತಿದ್ದ. ಅಂಗಿಯ ಮೂರನೆಯ ಗುಂಡಿಯ ಕೆಳಗಿದ್ದರೆ ಹಾಫ್ ಟಿಕೆಟ್, ಮೇಲಿದ್ದರೆ ಫುಲ್. ಆ ಗುಂಡಿ ನೆಲದಿಂದ ಸರಿಯಾಗಿ ನಾಲ್ಕೂವರೆ ಅಡಿ ಎಂದು ಬಸ್ಸಿನ ಯಜಮಾನರೇ ಒಮ್ಮೆ ಅಳೆದು ನೋಡಿ ಮೆಚ್ಚಿದ್ದರು. ಅದೇ ಎತ್ತರವನ್ನು ಪಾರ್ಕಿನವರೂ ಇಟ್ಟಿದ್ದಾರೆಂದು ತಿಳಿದಾಗಿನಿಂದ ಅವನಿಗೆ ಆ ಪಾರ್ಕು ತನ್ನ ಸ್ವಂತದ್ದೇ ಅನ್ನಿಸತೊಡಗಿತ್ತು. ಚಿಕ್ಕವನು ಗುಂಡಿಯಿಂದ ಎಷ್ಟೋ ಕೆಳಗಿದ್ದ. ದೊಡ್ಡವಳು ಧೃತಿ ಬಂದು ಎದೆಗೆ ತಲೆ ತಾಗಿಸಿ ನಿಂತಳು. ಅವಳ ನೆತ್ತಿ ಮೂರನೆಯ ಗುಂಡಿಯನ್ನು ದಾಟಿ ಎರಡನೆಯದಕ್ಕೆ ಹತ್ತಿರವಾಗಿತ್ತು.

"ಫುಲ್" ಎಂದ ಗುರುವಪ್ಪ, ಬೇಸರದಿಂದ. "ಇವಳು ಯಾವಾಗ ಇಷ್ಟು ಬೆಳೆದದ್ದು?"

ಹರಿಣಾಕ್ಷಿ ಒಳಗಿನಿಂದ ಹೊಲಿಗೆಯ ಟೇಪು ತಂದು ಮಗಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿದಳು. ನಾಲ್ಕೂವರೆ ಅಡಿಗೆ ಇನ್ನೂ ಎರಡು ಬೆರಳು ಜಾಗವಿತ್ತು. ಆಮೇಲೆ, ಕೇಳದೆಯೇ, ಟೇಪನ್ನು ತಂದೆಯ ಎದೆಯ ಗುಂಡಿಯಿಂದ ನೆಲಕ್ಕೆ ಬಿಟ್ಟು ನೋಡಿ ಬಾಯಿಗೆ ಸೆರಗು ಇಟ್ಟು ನಕ್ಕಳು.

"ಅವಳು ಬೆಳೆದದ್ದಲ್ಲ ಅಪ್ಪ. ನೀವು ಕುಗ್ಗಿದ್ದು!"

ಮಕ್ಕಳು "ಅಜ್ಜನಿಗೆ ಹಾಫ್ ಟಿಕೆಟ್, ಅಜ್ಜನಿಗೆ ಹಾಫ್ ಟಿಕೆಟ್" ಎಂದು ಕುಣಿದರು. ಗುರುವಪ್ಪನೂ ನಕ್ಕ. ಆದರೆ ಕೈ ತಾನಾಗಿ ಹೋಗಿ ಆ ಗುಂಡಿಯನ್ನು ಮುಚ್ಚಿಕೊಂಡಿತು. ಯಾವ ವರ್ಷದಿಂದ ಇದು ಇಳಿಯತೊಡಗಿತೋ. ಕೊನೆಕೊನೆಗೆ ಎಷ್ಟು ಮಕ್ಕಳಿಗೆ ತಾನು ಸುಮ್ಮನೆ ಫುಲ್ ಹರಿದೆನೋ. ಟಿಕೆಟು ಕೊಂಡ ಆ ತಾಯಂದಿರ ಮುಖಗಳು ಒಂದರ ಹಿಂದೆ ಒಂದು ಬಂದವು. ಲೋಲಾಕ್ಷಿ ಇದ್ದಿದ್ದರೆ, "ಹೋಗಲಿ ಬಿಡಣ್ಣ, ಆ ಮಕ್ಕಳಿಗೆ ದೊಡ್ಡವರಾದೆವು ಅಂತ ಖುಷಿಯಾಗಿರ್ತದೆ" ಎನ್ನುತ್ತಿದ್ದಳು. ಅವಳ ಆ ಮಾತು ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ ಅವನು ಅಡುಗೆಮನೆಯ ಕಡೆ ನೋಡಿದ. ಹರಿಣಾಕ್ಷಿ ಚಾ ತಂದಳು. ಲೋಲಾಕ್ಷಿ ಮಾಡುತ್ತಿದ್ದಂತೆಯೇ, ಸಕ್ಕರೆ ಹೆಚ್ಚು. ಹೊರಡುವಾಗ ಹೇಳಿದ, "ಗಂಡನಿಗೂ ಹೇಳು, ಮಂಗಳವಾರಕ್ಕೆ ನಾಲ್ಕೂ ಜನ ತಯಾರಿರಿ. ಮಕ್ಕಳ ಬಟ್ಟೆ ನೈಲಾನಿನದ್ದೇ ಬೇಕಂತೆ, ಹತ್ತಿಯದ್ದು ಹಾಕಿದರೆ ನೀರಿಗೆ ಬಿಡುವುದಿಲ್ಲವಂತೆ. ಅದೂ ನೋಡಿದ್ದೇನೆ ನಾನು."

ವೇಣೂರಿನ ದಾರಿಯಾಗಿ ಮೂಡುಬಿದಿರೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮಿಜಾರು. ಅಶೋಕನ ದೊಡ್ಡ ಮಗಳು ವಿಸ್ಮಿತಾ ಅಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ರಜೆಗೆ ಚೀಲ ಕಟ್ಟಿಕೊಂಡು ಗೇಟಿನಲ್ಲಿ ಕಾಯುತ್ತಿದ್ದವಳು ಅಜ್ಜನನ್ನು ಕಂಡು ಹಣೆ ಹಣೆ ಬಡಿದುಕೊಂಡಳು.

"ಐಡಿ ಕಾರ್ಡಿನ ಫೋಟೋ ಕಳಿಸಿದ್ರೆ ಸಾಕಿತ್ತು ಅಜ್ಜ. ಇದಕ್ಕೆ ಇಷ್ಟು ಸುತ್ತಿದ್ದಾ?"

"ಕಣ್ಣಲ್ಲಿ ನೋಡದೆ ನಾನು ಯಾರಿಗೂ ಕನ್ಸೆಷನ್ ಕೊಟ್ಟದ್ದಿಲ್ಲ. ಎಲ್ಲಿ, ತೋರಿಸು."

ಕಾರ್ಡನ್ನು ಬಿಸಿಲಿಗೆ ಹಿಡಿದು ತಾರೀಕು ನೋಡಿ ಮರಳಿ ಕೊಟ್ಟ. ಅವಧಿ ಉಂಟು. ಅವಳ ನಗುವಿನಲ್ಲಿ ಇವನ ಹುಚ್ಚಾಟದ ಮೇಲೆ ಸ್ವಲ್ಪ ಪ್ರೀತಿ, ಸ್ವಲ್ಪ ಗೆಳತಿಯರ ಎದುರಿನ ನಾಚಿಕೆ ಎರಡೂ ಇದ್ದವು. ಅವನಿಗೆ ಎರಡೂ ತಿಳಿಯಿತು, ಎರಡನ್ನೂ ತೆಗೆದುಕೊಂಡ. ಮೂಡುಬಿದಿರೆಗೆ ಬಂದು ಸಿದ್ಧಕಟ್ಟೆ ದಾರಿಯ ಬಸ್ಸು ಹತ್ತಿದರು. ಅವನ ದಾರಿ ಅದು. ಒಂದೊಂದು ತಿರುವೂ ಅವನ ಮೊಣಕಾಲಿಗೆ ಮೊದಲೇ ಗೊತ್ತು. ಎಡಗಡೆಯ ಮೂರನೆಯ ಸೀಟಿನಲ್ಲಿ, ಕಿಟಕಿಗೆ ಮುಖವಿಟ್ಟು ಲೋಲಾಕ್ಷಿ ಕುಳಿತುಕೊಳ್ಳುತ್ತಿದ್ದಳು, ಮೂಡುಬಿದಿರೆಯಲ್ಲಿದ್ದ ದೊಡ್ಡಮ್ಮನನ್ನು ನೋಡಲು ಹೋಗುವಾಗಲೆಲ್ಲ. ಅವನು ಅವಳನ್ನು ದಾಟಿ ಮುಂದೆ ಹೋದರೆ ಹಿಂದಿನಿಂದ ಅಂಗಿ ಎಳೆದು ಚಿಲ್ಲರೆ ಹಿಡಿಯುತ್ತಿದ್ದಳು. ಸುಮ್ಮನಿರು ಮಾರಾಯ್ತಿ, ಕಂಡಕ್ಟರನ ತಂಗಿಗೆ ಎಂಥ ಟಿಕೆಟು ಎಂದರೆ ಕೇಳುತ್ತಿರಲಿಲ್ಲ. "ಟಿಕೆಟ್ ಇಲ್ಲದೆ ಕೂತ್ರೆ ಹೊರಗೆ ನೋಡ್ಲಿಕ್ಕೆ ನಾಚಿಕೆ ಆಗ್ತದೆ. ಪೈಸೆ ಕೊಟ್ರೆ ಆ ಮರ, ಆ ಗದ್ದೆ, ಎಲ್ಲ ನೋಡುವ ಹಕ್ಕು ನಂದೇ ಅನಿಸ್ತದೆ." ಟಿಕೆಟನ್ನು ಅವಳು ಬೆರಳುಗಳ ನಡುವೆ ಸುರುಳಿ ಸುತ್ತುತ್ತಿದ್ದಳು, ಬೀಡಿಯ ಹಾಗೆ, ತನಗೇ ತಿಳಿಯದೆ.

"ಅಜ್ಜ, ಇಲ್ಲಿ ನೋಡಿ!" ವಿಸ್ಮಿತಾ ಫೋನನ್ನು ಅವನ ಮುಖಕ್ಕೆ ಹಿಡಿದಳು. "ಹೊಸ ಆಫರ್ ಹಾಕಿದ್ದಾರೆ. ಹತ್ತು ಜನರ ಗುಂಪಾದ್ರೆ ಒಂದು ಟಿಕೆಟ್ ಫ್ರೀ. ಮಧ್ಯಾಹ್ನದ ಊಟವೂ ಸೇರಿ. ಇವತ್ತು ಏಳು ಗಂಟೆಯೊಳಗೆ ಬುಕ್ ಮಾಡ್ಬೇಕು."

"ನಮ್ಮ ಬೇರೆ ಕನ್ಸೆಷನ್ ಎಲ್ಲ?"

"ಅದು ಇದರ ಜೊತೆ ಸೇರುವುದಿಲ್ಲ. ಒಂದೋ ಇದು, ಒಂದೋ ಅದು."

ಬೆಳಗಿನಿಂದ ಕೂಡಿಸಿದ ಎತ್ತರ, ಐಡಿ ಕಾರ್ಡು, ತನ್ನ ಆಧಾರ್, ಎಲ್ಲವನ್ನೂ ಗುರುವಪ್ಪ ಮನಸ್ಸಿನಲ್ಲಿ ಒಂದು ಕಡೆ ಇಟ್ಟ. ಇನ್ನೊಂದು ಕಡೆ ಈ ಹತ್ತರ ಗುಂಪು. ಹೊರಗಿನ ಊಟ ಪಾರ್ಕಿನೊಳಗೆ ಬಿಡುವುದಿಲ್ಲ, ಒಳಗೆ ಊಟಕ್ಕೆ ಕೈ ಸುಡುವ ದರ. ಅದೂ ಸೇರಿ ಎಂದಮೇಲೆ ಯೋಚಿಸುವುದು ಏನುಂಟು? ಒಂದು ಇಡೀ ದಿನದ ಅಲೆದಾಟ ವ್ಯರ್ಥವಾದದ್ದಕ್ಕೆ ಅವನಿಗೆ ಬೇಸರವಾಗಬೇಕಿತ್ತು. ಬದಲಾಗಿ ಎದೆ ಹಾರಿತು, ತುಂಬಿದ ಬಸ್ಸಿನಲ್ಲಿ ಕೊನೆಯವನಿಗೂ ಸೀಟು ಸಿಕ್ಕಿದಾಗ ಹಾರುವ ಹಾಗೆ.

"ಅಷ್ಟೇ ಅಲ್ಲವಾ! ನಾವು ಸರೀ ಹತ್ತು ಜನ. ಹಾಕಿಬಿಡು."

ವಿಸ್ಮಿತಾ ಫೋನು ಕೆಳಗಿಟ್ಟಳು. ಹೊರಗೆ ನೋಡಿದಳು. ಆಮೇಲೆ ಮೆಲ್ಲಗೆ, "ಒಂಬತ್ತು ಅಜ್ಜ" ಎಂದಳು.

ಬಸ್ಸು ಸಿದ್ಧಕಟ್ಟೆಯಲ್ಲಿ ನಿಂತು, ಜನ ಇಳಿದು, ಜನ ಹತ್ತಿ, ಮತ್ತೆ ಹೊರಟಿತು. ಜೀವಮಾನವೆಲ್ಲ ತಲೆ ಎಣಿಸಿದವನು ತನ್ನ ಮನೆಯ ತಲೆ ಎಣಿಸುವಲ್ಲಿ ತಪ್ಪಿದ. ತಪ್ಪಿದ್ದೇ ಹೌದೇ? ಬೊಜ್ಜದ ದಿನ, ಹದಿಮೂರನೆಯ ದಿನದ ಕ್ರಿಯೆ ಮುಗಿಸಿ ಲೋಲಾಕ್ಷಿಯನ್ನು ಹಿರಿಯರ ಜೊತೆ ಸೇರಿಸಿಕೊಳ್ಳುವಾಗ, ನಡುಮನೆಯಲ್ಲಿ ಅವಳಿಗೆಂದು ಎಲೆ ಹಾಕಿದವನು ಅವನೇ. ಅನ್ನ, ಪದಾರ್ಥ, ಅವಳ ಇಷ್ಟದ ಗೋಳಿಬಜೆ, ಸಕ್ಕರೆ ಹೆಚ್ಚಿದ ಚಾ, ಎಲೆಯಡಿಕೆ. "ಬಾ ಲೋಲಾಕ್ಷಿ, ಉಣ್ಣು" ಎಂದು ಹೆಸರು ಹಿಡಿದು ಕರೆದು, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡು ಅಂಗಳದಲ್ಲಿ ಮಾತಿಲ್ಲದೆ ನಿಂತಿದ್ದರು. ಬಾಗಿಲು ತೆರೆಯುವ ಮೊದಲು ಕೆಮ್ಮಬೇಕು, ಒಳಗಿರುವವರಿಗೆ ಎದ್ದು ಹೋಗಲು ಸಮಯ ಕೊಡಬೇಕು. ಅದು ಅವರ ಮನೆಯ ಕ್ರಮ. ಗುರುವಪ್ಪ ಕೆಮ್ಮಿದ್ದ. ಒಂದು ಸಲವಲ್ಲ, ಮೂರು ನಾಲ್ಕು ಸಲ. ಅವಳು ನಿಧಾನಕ್ಕೆ ಉಣ್ಣುವವಳು.

ಪಾಣೆಮಂಗಳೂರಿನ ಮನೆಯಲ್ಲಿ ಅಶೋಕ ಅಂಗಡಿಯಿಂದ ಬೇಗ ಬಂದಿದ್ದ. ಆಫರಿನ ವಿಷಯ ಕೇಳಿ ಅವನೂ ಹುರುಪಾದ. ಸೊಸೆ ಸುಗಂಧಿ ಒಲೆಯ ಬಳಿಯಿಂದಲೇ ಬಗ್ಗಿ ನೋಡಿದಳು. ಮಾನ್ವಿ ಆಗಲೇ ಈಜುವ ಕನ್ನಡಕ ಹಾಕಿಕೊಂಡು ಮಂಚದಿಂದ ಮಂಚಕ್ಕೆ ಹಾರುತ್ತಿದ್ದಳು.

"ಹತ್ತನೆಯವನಾಗಿ ವ್ಯಾನಿನ ಡ್ರೈವರ್ ಝುಬೈರನನ್ನು ಸೇರಿಸುವ" ಎಂದ ಅಶೋಕ. "ಹೇಗಿದ್ರೂ ಅವನು ಹೊರಗೆ ಕಾಯುವವನೇ."

"ಹತ್ತನೆಯದು ಲೋಲಾಕ್ಷಿಯದ್ದು" ಎಂದ ಗುರುವಪ್ಪ.

ಸುಗಂಧಿ ಸೌಟು ನಿಲ್ಲಿಸಿದಳು. ಅಶೋಕ ತಂದೆಯ ಮುಖ ನೋಡಿ ದನಿ ತಗ್ಗಿಸಿದ.

"ಅಪ್ಪ, ಟಿಕೆಟ್ ಅವರ ಹೆಸರಲ್ಲಿ ಬೇಕಾದ್ರೆ ಮಾಡುವ, ನಂದೇನಿಲ್ಲ. ಆದ್ರೆ ಇದು ಗುಂಪಿನ ರೇಟು. ಹತ್ತು ಜನವೂ ಗೇಟಿನಲ್ಲಿ ನಿಲ್ಲಬೇಕು, ಒಬ್ಬೊಬ್ಬರ ಕೈಗೆ ಪಟ್ಟಿ ಕಟ್ತಾರೆ. ಒಂದು ತಲೆ ಕಡಿಮೆಯಾದ್ರೆ ಎಲ್ಲರಿಗೂ ಕೌಂಟರ್ ರೇಟೇ. ಅವರು... ಅವರು ಬಂದು ನಿಲ್ಲುವುದು ಹೇಗೆ?"

ತಲೆ ಎಣಿಸುವವನ ಕಷ್ಟ ಗುರುವಪ್ಪನಿಗಿಂತ ಯಾರಿಗೆ ಗೊತ್ತು? ಅವನೇ ಆ ಗೇಟಿನಲ್ಲಿ ನಿಂತಿದ್ದರೂ ಬಿಡುತ್ತಿರಲಿಲ್ಲ. ಚಪ್ಪಲಿ ಮೆಟ್ಟಿ ಹೊರಗೆ ಬಂದ. ಹಿಂದಿನಿಂದ ಮಾನ್ವಿ "ಅಜ್ಜ ಬರುವುದಿಲ್ಲವಾ?" ಎಂದು ಕೇಳಿದ್ದು ಕೇಳಿಸಿತು. ಹತ್ತು ಜನ ಆಗದಿದ್ದರೆ ಪ್ರಯಾಣ ನಿಲ್ಲುವುದಿಲ್ಲ, ಸ್ವಲ್ಪ ಹೆಚ್ಚು ಕೊಟ್ಟು ಹೋದರಾಯಿತು. ಆದರೆ ತಂಗಿ ಕೊನೆಗೆ ಒಪ್ಪಿಸಿ ಹೋದ ಕೆಲಸ ಎರಡು: ಕಡಿಮೆಗೆ ನೋಡು, ಎಲ್ಲರೂ ಹೋಗುವ. ಕಡಿಮೆ ಹಿಡಿದರೆ ಎಲ್ಲರೂ ಆಗುವುದಿಲ್ಲ. ಎಲ್ಲರೂ ಆಗಬೇಕಾದರೆ ಕಡಿಮೆ ಸಿಗುವುದಿಲ್ಲ. ಎರಡನ್ನೂ ಮಾಡದೆ ತಾನು ಆ ಕೊಳದ ಅಲೆಗೆ ಯಾವ ಮುಖ ಹೊತ್ತು ಕಾಲಿಡುವುದು? ಝುಬೈರನ ಮೇಲೆ ಅವನಿಗೆ ಕೋಪವೇನೂ ಇರಲಿಲ್ಲ. ಆದರೂ ತಂಗಿಯ ಎಲೆಯ ಮುಂದೆ, ಅವಳು ಉಂಡು ಏಳುವ ಮೊದಲೇ, ಇನ್ನೊಬ್ಬನನ್ನು ಕುಳ್ಳಿರಿಸಿದ ಹಾಗೆ ಅನ್ನಿಸುತ್ತಿತ್ತು.

ಎದುರು ಮನೆಯ ಜಗಲಿಯಲ್ಲಿ ನಸೀಬಾ ಬೀಡಿ ಸುತ್ತುತ್ತಿದ್ದಳು. ಎಷ್ಟೋ ವರ್ಷ ಲೋಲಾಕ್ಷಿ ಮಧ್ಯಾಹ್ನವಾದೊಡನೆ ಮೊರ ಎತ್ತಿಕೊಂಡು ಈ ಜಗಲಿಗೆ ಬರುತ್ತಿದ್ದಳು, ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಸುತ್ತುತ್ತಿದ್ದರು. ಲೋಲಾಕ್ಷಿಯ ಜಾಗದಲ್ಲಿ ಈಗ ಎಲೆಯ ಕಟ್ಟು ಇಟ್ಟಿತ್ತು.

"ಬನ್ನಿ ಗುರುವಣ್ಣ, ಕೂತ್ಕೊಳ್ಳಿ. ಎಂತ ಮುಖ ಹೀಗೆ? ಟಿಕೆಟ್ ಸಿಗ್ಲಿಲ್ಲವಾ?"

"ನಿನಗೆ ಯಾರು ಹೇಳಿದ್ದು ಟಿಕೆಟಿನ ವಿಷಯ?"

"ನಿಮ್ಮ ಮಾನ್ವಿ ಮೈಕು ಕಟ್ಟಿದ ಹಾಗೆ ಇಡೀ ಕೇರಿಗೆ ಹೇಳಿ ಆಯ್ತು." ಅವಳು ಸುತ್ತಿದ ಬೀಡಿಯ ತುದಿ ಮಡಚಿ ಮೊರಕ್ಕೆ ಹಾಕಿದಳು. "ಒಬ್ಬಳೇ ಕೂತರೆ ಕೈ ಓಡುವುದಿಲ್ಲ ನೋಡಿ. ಮಾತಿದ್ರೆ ಕೈ ಓಡ್ತದೆ. ಅವಳು ನನಗೂ ಹೇಳಿದ್ಳು ಆ ಕಡಲಿನ ವಿಷಯ. ಸ್ವಿಚ್ಚಿನದ್ದು."

"ಏನು ಹೇಳಿದ್ಳು?"

"ನೀನೂ ಬಾ ಅಂತ. ಅಣ್ಣನತ್ರ ಹೇಳಿ ನಿನಗೂ ಕಡಿಮೆಗೆ ಮಾಡಿಸ್ತೇನೆ ಅಂತ."

"ನನ್ನತ್ರ ಹೇಳಲೇ ಇಲ್ಲವಲ್ಲ ಮಾರಾಯ್ತಿ!"

"ಆಸ್ಪತ್ರೆಯಿಂದ ಬಂದು ಹೇಳ್ತೇನೆ ಅಂದಿ‌ದ್ಳು. ಮೊದ್ಲೇ ಹೇಳಿದ್ರೆ ನೀವು ನನ್ನನ್ನೂ ಎದೆಗೆ ನಿಲ್ಲಿಸಿ ಗುಂಡಿಯಲ್ಲಿ ಅಳೀತೀರಿ ಅಂತ ನಗಾಡಿದ್ಳು."

ನಸೀಬಾ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿ, ತಲೆಯ ಮೇಲಿನ ಬಟ್ಟೆಯ ತುದಿಯಿಂದ ಒರೆಸಿಕೊಂಡು ಮತ್ತೆ ನಕ್ಕಳು. ಎರಡೂ ಒಟ್ಟಿಗೆ ಬರುವುದನ್ನು ಗುರುವಪ್ಪ ಹತ್ತಿರದಿಂದ ನೋಡಿದ. ಅವಳಿಗೆ ಅದರಿಂದ ನಾಚಿಕೆಯೇನೂ ಆದಂತೆ ಕಾಣಲಿಲ್ಲ. ಸುದ್ದಿ ಬಂದ ದಿನದಿಂದ ಎದೆಯಲ್ಲಿ ಹಿಡಿದುಕೊಂಡಿದ್ದ ಯಾವುದೋ ಗಂಟು ಸ್ವಲ್ಪ ಸಡಿಲವಾಯಿತು.

"ಹಾಗಾದ್ರೆ ಬಾ" ಎಂದ. "ಮಂಗಳವಾರ. ಹತ್ತು ಜನಕ್ಕೆ ಒಬ್ಬರು ಕಡಿಮೆ ಉಂಟು."

ಅವಳ ಕೈ ನಿಂತಿತು. "ಅವಳ ಜಾಗಕ್ಕಾ?"

ಗುರುವಪ್ಪ ಎಲೆಯ ಕಟ್ಟಿನ ಕಡೆ ನೋಡಿದ.

"ಅವಳ ಜಾಗಕ್ಕಾದ್ರೆ ಬರುವುದಿಲ್ಲ ಗುರುವಣ್ಣ. ಬೇಜಾರು ಮಾಡ್ಬೇಡಿ. ಈ ಜಗಲಿಯಲ್ಲೇ ಅವಳ ಜಾಗದಲ್ಲಿ ನಾನು ಯಾರನ್ನೂ ಕೂತ್ಕೊಳ್ಳಿಕ್ಕೆ ಬಿಡ್ಲಿಲ್ಲ, ಎಲೆ ಇಟ್ಟಿದ್ದೇನೆ. ನನ್ನ ಜಾಗ ಅಂತ ಒಂದಿದ್ರೆ ಬರ್ತೇನೆ. ಅದೂ ನೀರಿಗೆ ಇಳಿಯುವುದಿಲ್ಲ. ಕಾಲು ಮಾತ್ರ."

ಎಲೆ ಇಟ್ಟಿದ್ದೇನೆ ಎಂದು ಅವಳು ಹೇಳಿದ್ದು ಬೀಡಿಯ ಎಲೆಯನ್ನು. ಆದರೂ ಗುರುವಪ್ಪ ಎದ್ದು ನಿಂತ. ಉತ್ತರ ಅಷ್ಟು ಸುಲಭವಾಗಿತ್ತು. ಅದು ತನ್ನ ಕಣ್ಣೆದುರೇ ಇತ್ತು, ಬೆಳಗಿನಿಂದ ಅಗ್ಗವನ್ನೇ ಹುಡುಕುತ್ತಿದ್ದ ಕಣ್ಣಿಗೆ ಕಾಣಿಸಿರಲಿಲ್ಲ. "ನಿನ್ನ ಜಾಗವೇ ಅದು. ಹತ್ತನೆಯದು ನಿನ್ನದೇ. ಅವಳೇ ಹಿಡಿದು ಇಟ್ಟದ್ದು" ಎಂದು ಹೇಳಿ, ಮುದುಕನೆನ್ನುವುದನ್ನು ಮರೆತು, ರಸ್ತೆಯನ್ನು ಬಹುತೇಕ ಓಡಿ ದಾಟಿದ.

"ಹಾಕು ವಿಸ್ಮಿತಾ, ಹಾಕು! ಹತ್ತು ಜನ. ಹತ್ತನೆಯದು ನಸೀಬಾ. ಆ ಫ್ರೀ ಟಿಕೆಟನ್ನು ಮಾತ್ರ ನನ್ನ ಹೆಸರಿಗೆ ಬರಿ. ಕಂಡಕ್ಟರನಿಗೆ ಎಲ್ಲಿಯ ಟಿಕೆಟು?"

"ಯಾರ ಹೆಸರಿಗೆ ಫ್ರೀ ಅಂತ ಇಲ್ಲಿ ಬರುವುದಿಲ್ಲ ಅಜ್ಜ."

"ಬಾರದಿದ್ರೆ ನಿನ್ನ ಮನಸ್ಸಿನಲ್ಲಿ ಬರಿ." ಉಸಿರು ತೆಗೆದುಕೊಂಡು ಹೇಳಿದ, "ಇನ್ನೊಂದು ಬೇರೆ ಟಿಕೆಟ್. ಲೋಲಾಕ್ಷಿ."

ವಿಸ್ಮಿತಾ ತಂದೆಯನ್ನು ನೋಡಿದಳು. ಫೋನಿನ ಕಡೆ ತಿರುಗಿ ಮೆಲ್ಲಗೆ, "ಸೀನಿಯರ್ ಸಿಟಿಜನ್ ಅಂತ ಹಾಕಿದ್ರೆ ಕಡಿಮೆ ಆಗ್ತದೆ ಅಜ್ಜ" ಎಂದಳು.

"ಬೇಡ. ಅದಕ್ಕೆ ಆಧಾರ್ ತೋರಿಸಬೇಕು. ಗೇಟಿನಲ್ಲಿ ನಿಂತು ಯಾರಿಗೂ ಏನೂ ತೋರಿಸುವ ಗ್ರಹಚಾರ ಅವಳಿಗೆ ಬೇಡ. ಫುಲ್ ಟಿಕೆಟ್. ಕೌಂಟರಿನ ರೇಟು ಏನುಂಟೋ ಅದು."

"ಅಪ್ಪ" ಎಂದ ಅಶೋಕ, "ಆ ಟಿಕೆಟಿಗೆ ಯಾರು ಬರ್ತಾರೆ?"

"ಬೊಜ್ಜದ ದಿನ ಎಲೆ ಹಾಕಿ ಬಾಗಿಲು ಎಳೆದುಕೊಂಡೆವಲ್ಲ, ಯಾರು ಬಂದು ಕೂತದ್ದು ನೀನು ನೋಡಿದ್ದೀಯಾ?"

ಒಲೆಯ ಬಳಿಯಿಂದ ಸುಗಂಧಿ ಹೇಳಿದಳು, "ಹಾಕು ಮಗಾ, ಅಜ್ಜ ಹೇಳಿದ ಹಾಗೆ ಹಾಕು. ಊಟವೂ ಸೇರಿಸಿ ಹಾಕು. ಅವರಿಗೆ ಹಸಿವು ತಡೆಯುವುದಿಲ್ಲ." ವಿಸ್ಮಿತಾಳ ಬೆರಳು ಪರದೆಯ ಮೇಲೆ ಓಡಿತು. ಮಾನ್ವಿ ಈಜುವ ಕನ್ನಡಕದಲ್ಲೇ ಬಂದು ಅಕ್ಕನ ಹೆಗಲ ಮೇಲಿಂದ ಬಗ್ಗಿ, ಅಕ್ಷರ ಕೂಡಿಸಿಕೊಂಡು ಓದಿದಳು: "ಲೋ, ಲಾ, ಕ್ಷಿ. ಒಂದು. ಫುಲ್." ಆಮೇಲೆ ಫೋನು ಸಣ್ಣದೊಂದು ಶಬ್ದ ಮಾಡಿತು. ಗುರುವಪ್ಪನಿಗೆ ಅದು ಬಸ್ಸಿನ ಗಂಟೆಯ ಹಾಗೆ ಕೇಳಿಸಿತು. "ರೈಟ್, ಪೋಯಿ!" ಎಂದು ಅವನು ಕೂಗಿಯೇಬಿಟ್ಟ. ಎಲ್ಲರೂ ನಕ್ಕರು. ಅವನೂ ನಕ್ಕ, ಬಾಯಿ ತುಂಬ. ಎದುರು ಜಗಲಿಯಿಂದ ನಸೀಬಾ "ಆಯ್ತಾ ಗುರುವಣ್ಣ?" ಎಂದು ಕೇಳಿದಳು. "ಆಯ್ತು, ನೈಲಾನ್ ಬಟ್ಟೆ ನೋಡಿಕೊಳ್ಳಿ!" ಎಂದು ಸುಗಂಧಿ ಕಿಟಕಿಯಿಂದ ಕೂಗಿದಳು.

ಹೊರಗೆ ಬೆಳಕು ಇಳಿಯುತ್ತಿತ್ತು. ಗುರುವಪ್ಪ ಕೈಕಾಲು ತೊಳೆದು ಬಂದು ದೀಪ ಹಚ್ಚಿದ. ಕೈ ಇನ್ನೂ ನಡುಗುತ್ತಿತ್ತು. ಈಗ ಅದನ್ನು ನಿಲ್ಲಿಸಲು ಹೋಗಲಿಲ್ಲ. ಪಟದಲ್ಲಿ ತಂಗಿ ಅದೇ ರೇಷನ್ ಕಾರ್ಡಿನ ಗಂಭೀರ ಮುಖದಲ್ಲಿದ್ದಳು, ಟಿಕೆಟಿನ ಚಿಲ್ಲರೆ ಕೊಟ್ಟು ಕಿಟಕಿಗೆ ತಿರುಗುವ ಮೊದಲು ಅವಳ ಮುಖ ಹೀಗೆಯೇ ಇರುತ್ತಿತ್ತು. ಬೊಜ್ಜದ ದಿನದಂತೆ ಒಮ್ಮೆ ಕೆಮ್ಮಿ, ಕೈ ಮುಗಿದು, ತುಟಿ ಅಲುಗದೆ ಹೇಳಿಕೊಂಡ. ದೇವರೇ, ನಾನು ನಕ್ಕದ್ದನ್ನು ಅವಳು ಕೇಳಿದ್ದರೆ ನನ್ನ ತಂಗಿ ಅದನ್ನು ಸರಿಯಾಗಿಯೇ ತಿಳಿದುಕೊಂಡಿರಲಿ. ಅವಳು ಎಲ್ಲಿ ಹೋಗಬೇಕೋ ಅಲ್ಲಿಗೆ ತಡೆಯಿಲ್ಲದೆ ತಲುಪಲಿ, ಕಿಟಕಿಯ ಬದಿಯ ಜಾಗ ಸಿಗಲಿ. ಹಣ ಕೊಟ್ಟವರ ಹಾಗೆ ಹಾಯಾಗಿ ಎಲ್ಲವನ್ನೂ ನೋಡಲಿ. ಅವಳ ಮುಂದಿನ ನೀರು ಅವಳ ಮಾತು ಕೇಳಲಿ. ಅಲೆ ಬೇಕೆಂದಾಗ ಬರಲಿ, ಸಾಕೆಂದಾಗ ನಿಲ್ಲಲಿ. ನಿಂತ ಆ ನೀರಿನಲ್ಲಿ ನನ್ನ ಲೋಲಾಕ್ಷಿ ತಣ್ಣಗೆ, ಹೆದರಿಕೆಯಿಲ್ಲದೆ ಇರಲಿ.